ಕರೆದರೆ ಬರುವವನ ಹೆಸರು

೧೧ ಜನವರಿ ೨೦೨೫
ಕಛ್, ಗುಜರಾತ

ಶ್ರೀಮತಿ ಸುವರ್ಣಾ ಅವರಿಗೆ,

ನನ್ನ ಹೆಸರು ಶಶಿಕಾಂತ. ಊರು ಚಿಮ್ಮಡ. ಕೆಲಸ ಇಲ್ಲಿ, ಗಾಳಿಯಿಂದ ಕರೆಂಟು ತೆಗೆಯುವ ಕೇಂದ್ರವೊಂದರಲ್ಲಿ. ನಮಗೆ ಪರಸ್ಪರ ಗುರುತಿಲ್ಲ. ಆದರೆ ನೀವು ಬನಹಟ್ಟಿಯಲ್ಲಿ ಮಂದಿಯ ಫೋನುಗಳಿಗೆ ಹಾಕಿಕೊಡುತ್ತಿರುವ ‘ತಮ್ಮ’ ಎಂಬ ಆ್ಯಪ್ ನಾನು ಬರೆದದ್ದು. ಅದರ ಖರೆ ಹೆಸರು ‘ಅಮಸಿದ್ದ’. ಅಕ್ಷರ ಬಾರದವರು, ಕಣ್ಣು ಕಾಣದವರು ಹೆಸರು ಹಿಡಿದು ಕರೆದರೆ “ಬಂದ್ನಿ, ಹೇಳ್ರಿ” ಎಂದು ಓಗೊಟ್ಟು, ಬಂದ ಪತ್ರ, ಸಂದೇಶ ಎಲ್ಲವನ್ನೂ ಓದಿ ಹೇಳುವ ಆ್ಯಪ್ ಅದು.

ಅದನ್ನು ಮುಕ್ತ ತಂತ್ರಾಂಶವಾಗಿ, ಜಿಪಿಎಲ್ ಎಂಬ ಲೈಸೆನ್ಸಿನ ಅಡಿಯಲ್ಲಿ ಬಿಟ್ಟಿದ್ದೇನೆ. ಯಾರಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ನನ್ನ ಅಪ್ಪಣೆ ಬೇಕಿಲ್ಲ. ಆದರೆ ಶರತ್ತುಗಳಿವೆ. ತಿದ್ದಿದರೆ ತಿದ್ದಿದ್ದೇವೆಂದು ತಾರೀಖು ಹಾಕಿ ಬರೆಯಬೇಕು. ತಿದ್ದಿದ ಕೋಡು ಪಡೆದವರಿಗೂ ಸಿಗಬೇಕು. ಮೊದಲಿನವರ ಹೆಸರಿರುವ ಸೂಚನೆಯನ್ನು ಅಳಿಸಬಾರದು. ಓದಲು ಬಾರದವರಿಗೂ ಆ ಸೂಚನೆ ತಿಳಿಯಲೆಂದು, ಆ್ಯಪ್ ತೆರೆದೊಡನೆ ಅದನ್ನು ಗಟ್ಟಿಯಾಗಿ ಹೇಳಬೇಕೆಂಬ ಶರತ್ತನ್ನೂ ಸೇರಿಸಿದ್ದೇನೆ.

ಪರಿಚಯದ ಆಟೊದವನೊಬ್ಬ ನಿಮ್ಮ ಪ್ರತಿಯನ್ನೂ, ಕೇಳಿ ತಿಳಿದುಕೊಂಡ ನಿಮ್ಮ ಹೆಸರು, ಇಮೇಲ್ ವಿಳಾಸವನ್ನೂ ನನಗೆ ಕಳಿಸಿದ. ತೆರೆದರೆ ಅದು ಹೇಳುತ್ತದೆ: “ಈ ದನಿ ಚಿಮ್ಮಡದ ತಮ್ಮಪ್ಪನದು.”

ತಮ್ಮಪ್ಪ ಯಾರು? ಆ ದನಿ ಅಮಸಿದ್ದಪ್ಪನದು. ನನ್ನ ಹೆಸರು ಹೋಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಒಬ್ಬನ ದನಿಗೆ ಇನ್ನೊಬ್ಬನ ಹೆಸರು ಕಟ್ಟುವುದು ಯಾವ ಲೈಸೆನ್ಸಿನಲ್ಲೂ ಇಲ್ಲ. ಹೆಸರನ್ನು ತಕ್ಷಣ ಮರಳಿ ಹಾಕಬೇಕು. ಅಲ್ಲಿಯವರೆಗೆ ಹಂಚುವುದನ್ನು ನಿಲ್ಲಿಸಬೇಕು.

ಇಂತಿ,
ಶಶಿಕಾಂತ


೧೪ ಜನವರಿ ೨೦೨೫
ಬನಹಟ್ಟಿ

ಶಶಿಕಾಂತ ಅವರಿಗೆ ನಮಸ್ಕಾರ.

ಸಂಕ್ರಾಂತಿಯ ದಿನ ಎಳ್ಳು ಬೆಲ್ಲ ಕೊಟ್ಟು ಒಳ್ಳೆಯ ಮಾತಾಡು ಅನ್ನುತ್ತಾರೆ. ನಿಮ್ಮ ಪತ್ರ ಓದಿದ ಮೇಲೆ ಎಳ್ಳು ನುಂಗುವುದೇ ಕಷ್ಟವಾಯಿತು ನೋಡಿ.

ನಾನು ಇಲ್ಲಿ ಒಂದು ಸಣ್ಣ ಕಂಪ್ಯೂಟರ್ ಕ್ಲಾಸು ನಡೆಸುತ್ತೇನೆ. ಯಜಮಾನರು ಅಮೋಲ ಅಂತ, ಸಮೀರವಾಡಿಯಲ್ಲಿ ಕೆಲಸ. ನಮ್ಮ ಅತ್ತೆ ಲಗಮವ್ವನವರಿಗೆ ಎರಡು ವರ್ಷದ ಹಿಂದೆ ಕಣ್ಣು ಪೂರ್ತಿ ಹೋದವು. ಅವರ ಸಲುವಾಗಿ ನಿಮ್ಮ ಆ ಆ್ಯಪ್ ಇಳಿಸಿಕೊಂಡೆ. ಕರೆಯುವ ಹೆಸರು ಬದಲಿಸಲಿಕ್ಕೆ ಮನೆಯಲ್ಲಿ ಒಂದು ಕಾರಣ ಇತ್ತು. ಮನೆಯ ಮಾತು, ಅದನ್ನು ಗುರುತಿಲ್ಲದವರ ಮುಂದೆ ಯಾಕೆ? ಆಮೇಲೆ ಓಣಿಯ ಹೆಂಗಸರು ಕೇಳಿದರು, ಹಾಕಿಕೊಟ್ಟೆ. ಮಗ್ಗದ ಮುಂದೆ ಕುಳಿತವರು ಕೈ ಬಿಡದೆ ಕೇಳುತ್ತಾರೆ. ಒಬ್ಬರ ಹತ್ತಿರವೂ ಒಂದು ರೂಪಾಯಿ ಇಸಕೊಂಡಿಲ್ಲ. ನನ್ನ ಹೆಸರನ್ನೂ ಎಲ್ಲೂ ಹಾಕಿಕೊಂಡಿಲ್ಲ. ಕಳ್ಳರು ಹಿಂಗ ಇರತಾರೇನ್ರಿ?

ಇನ್ನೊಂದು ಮಾತು. ಹೇಳದೆ ಕೇಳದೆ ಮಾಡಿದೆ ಅನ್ನುವ ಹಾಗೆ ಬರೆದಿದ್ದೀರಿ. ೨೦೨೩ರ ಜೂನ್ ತಿಂಗಳಲ್ಲಿ ನಿಮ್ಮ ಆ್ಯಪಿನ ಪುಟದಲ್ಲಿ ನಾನೇ ಬರೆದು ಕೇಳಿದ್ದೆ: “ಕರೆಯುವ ಹೆಸರು ಬದಲಿಸಬಹುದೇ? ದಯವಿಟ್ಟು ತಿಳಿಸಿ.” ಹೂಂ ಇಲ್ಲ, ಹಾಂ ಇಲ್ಲ. ಮುಕ್ತ ಅಂತ ಬಾಗಿಲು ತೆರೆದಿಟ್ಟು, ಬಂದವರನ್ನು ಮಾತಾಡಿಸದೆ ಒಳಗೆ ಕೂಡುವುದು ಯಾವ ರೀತಿ? ಅದಕ್ಕೂ ನಿಮ್ಮ ಲೈಸೆನ್ಸಿನಲ್ಲಿ ಶರತ್ತು ಇದೆಯೇ?

ಕೋಡು ಕಳಿಸಿದ್ದೇನೆ. ನೋಡಿಕೊಳ್ಳಿ. ಅತ್ತೆಯವರ ಫೋನಿನಿಂದ ಮಾತ್ರ ಅದನ್ನು ತೆಗೆಯುವುದಿಲ್ಲ. ದಿನ ಬೆಳಗಾದರೆ “ತಮ್ಮಾ” ಅಂತ ಕರೆದು, ಅದು “ಬಂದ್ನಿ” ಅಂದ ಕೂಡಲೇ ನಗುತ್ತಾರೆ. ಆ ನಗುವನ್ನು ನಿಲ್ಲಿಸಲು ನನ್ನಿಂದ ಆಗದು.

ಸುವರ್ಣಾ


೨ ಫೆಬ್ರವರಿ ೨೦೨೫
ಕಛ್

ಸುವರ್ಣಾ ಅವರಿಗೆ,

ತಡವಾಯಿತು. ನಿಮ್ಮ ಪತ್ರ ಓದಿ ಆ ಪುಟ ತೆರೆದು ನೋಡಿದೆ. ನಿಮ್ಮ ಪ್ರಶ್ನೆ ಅಲ್ಲೇ ಇದೆ. ಅದರ ಕೆಳಗೆ ಏನೂ ಇಲ್ಲ. ಆಗ ನಾನು ಆ ಪುಟವನ್ನು ತೆರೆಯುವ ಸ್ಥಿತಿಯಲ್ಲಿ ಇರಲಿಲ್ಲ. ಕಾರಣ ಬೇಡ. ತಪ್ಪು ನನ್ನದೇ, ಕ್ಷಮಿಸಿ.

ಹೆಸರು ಬದಲಿಸಬಹುದೇ ಎಂದು ಕೇಳಿದ್ದಿರಿ. ಬದಲಿಸಬಹುದು. ಬದಲಿಸುವುದೇ ಒಳ್ಳೆಯದು. ನೀವು ತಿದ್ದಿದ್ದರಲ್ಲಿ ಏನಾದರೂ ಕೆಟ್ಟರೆ ಮಂದಿ ನನ್ನನ್ನು ಬೈಯಬಾರದು, ನಾನು ಕೆಡಿಸಿದ್ದಕ್ಕೆ ನಿಮ್ಮನ್ನು ಬೈಯಬಾರದು. ಹಾಗಾಗಿ ಆ್ಯಪನ್ನು ‘ತಮ್ಮ’ ಎಂದು ಕರೆದದ್ದರ ಬಗ್ಗೆ ತಕರಾರಿಲ್ಲ. ತಕರಾರು ಸೂಚನೆಯದು.

ನಮ್ಮದು ಕುರಿ ಕಾಯುವ ಮನೆತನ, ಬೀರೇಶ್ವರನ ಒಕ್ಕಲು. ನಮ್ಮ ಅಪ್ಪ ಗುರಪ್ಪ ಮರಿಯ ಕಿವಿಗೆ ಮನೆತನದ ಗುರುತು ಹಾಕುತ್ತಿದ್ದ. ಆ ಕುರಿಯನ್ನು ಬೀಗರಿಗೆ ಕೊಡಲಿ, ಸಂತೆಯಲ್ಲಿ ಮಾರಲಿ, ಕೊಂಡವನಿಗೆ ಒಂದೇ ಮಾತು ಹೇಳುತ್ತಿದ್ದ: “ಮೈಮ್ಯಾಲ ನಿನ್ನ ಬಣ್ಣಾ ಹಚ್ಚಕೋ, ಕಿವಿಗೆ ಕೈ ಹಚ್ಚಬ್ಯಾಡ.” ನನಗೆ ಇಂಗ್ಲಿಷಿನ ಆ ಉದ್ದನೆಯ ಲೈಸೆನ್ಸು ಮೊದಲ ಸಲ ಓದಿದಾಗ ಅರ್ಥವಾದದ್ದು ಅಪ್ಪನ ಆ ಮಾತಿನಿಂದಲೇ. ನೀವು ಬಣ್ಣ ಹಚ್ಚಿದಿರಿ, ಹಚ್ಚಿ. ಕಿವಿಯನ್ನು ಯಾಕೆ ಕೊಯ್ದಿರಿ?

ನಿಮ್ಮ ಕೋಡು ನೋಡಿದೆ. ಲೈಸೆನ್ಸಿನ ಜೊತೆಗಿದ್ದ ಅರ್ಪಣೆಯಲ್ಲೂ ತಮ್ಮಪ್ಪ, ದನಿ ಕೊಟ್ಟವರ ಸಾಲಿನಲ್ಲೂ ತಮ್ಮಪ್ಪ. ಇಷ್ಟು ಜತನದಿಂದ ಒಬ್ಬನ ಹೆಸರನ್ನು ತೆಗೆದವರನ್ನು ನಾನು ನೋಡಿಲ್ಲ. ನಿಮ್ಮ ಪತ್ರದಲ್ಲೂ ಆ ಹೆಸರನ್ನು ಒಮ್ಮೆಯೂ ಬರೆಯಲಿಲ್ಲ. ‘ನಿಮ್ಮ ಆ ಆ್ಯಪ್’ ಅಂದಿದ್ದೀರಿ. ಅಷ್ಟು ಬೇಡವಾದದ್ದೇ ಆ ಹೆಸರು?

ಶಶಿಕಾಂತ


೬ ಫೆಬ್ರವರಿ ೨೦೨೫
ಬನಹಟ್ಟಿ

ಶಶಿಕಾಂತ ಅಣ್ಣಾವರಿಗೆ,

ಅಯ್ಯ ಶಿವನೇ! ನಾನು ನಗಲೋ ಅಳಲೋ ತಿಳಿಯದಾಗಿದೆ. ಇನ್ನು ಮನೆಯ ಮಾತು ಅಂತ ಮುಚ್ಚಿಟ್ಟರೆ ನೀವು ನನ್ನನ್ನು ಕಟುಕಿಯನ್ನಾಗಿ ಮಾಡಿಬಿಡುತ್ತೀರಿ. ಹೇಳುತ್ತೇನೆ, ಕೇಳಿ.

ಆ ಹೆಸರು ನಮ್ಮ ಮಾವನವರದು.

ತೀರಿಕೊಂಡು ಒಂಬತ್ತು ವರ್ಷವಾಯಿತು. ಅತ್ತೆ ಅವರ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಮದುವೆಯಲ್ಲಿ ಗಂಡನ ಹೆಸರು ಕೂಡಿಸಿ ಒಡಪು ಹಾಕಿದಾಗ ಒಂದೇ ಸಲ. ಅದೂ ಹಾಡಿನ ನಡುವೆ ಮರೆ ಮಾಡಿ. ಆಮೇಲೆ ಬ್ಯಾಂಕಿನಲ್ಲಿ ಕೇಳಿದರೂ ಮಗನ ಕಡೆ ಕೈ ತೋರಿಸುತ್ತಿದ್ದರು. ನಾನು ಸೊಸೆ, ನನಗೂ ಆ ಹೆಸರು ಬಾಯಿಗೆ ಬರುವುದಿಲ್ಲ. ಬಿಸಿಎ ಓದಿದ್ದೇನೆ, ಇದೆಲ್ಲ ಹಳೆಯ ಕಾಲದ್ದು ಅಂತ ಕ್ಲಾಸಿನ ಹುಡುಗಿಯರಿಗೆ ಹೇಳುತ್ತೇನೆ ಕೂಡ. ಆದರೂ ಬರೆಯಹೋದರೆ ಕೈ ನಿಲ್ಲುತ್ತದೆ. ಆ ಹೆಸರು ಬೇಡವಾದದ್ದಲ್ಲ ಅಣ್ಣಾ. ನಮ್ಮ ಮನೆಯಲ್ಲಿ ಅದು ಭಾಳ ದೊಡ್ಡದು.

ಮೊದಲ ದಿನ ಏನಾಯಿತು ಗೊತ್ತೇ? ಆ್ಯಪ್ ಹಾಕಿ, ಫೋನನ್ನು ಅತ್ತೆಯ ಕೈಯಲ್ಲಿಟ್ಟು, “ಹೆಸರು ಹಿಡಿದು ಕರೀರಿ ಅತ್ತಿ, ಓ ಅಂತೈತಿ” ಅಂದೆ. ತೆರೆದ ಕೂಡಲೇ ಅದು ತನ್ನ ಸೂಚನೆ ಹೇಳಿತು. ಒಬ್ಬ ಗಂಡಸಿನ ದನಿಯಲ್ಲಿ ಆ ಹೆಸರು! ಅತ್ತೆ ತಟ್ಟನೆ ಸೆರಗು ಹೊದ್ದುಕೊಂಡರು. ಕಣ್ಣಿಲ್ಲದವರು, ಬಾಗಿಲ ಕಡೆ ಮುಖ ತಿರುಗಿಸಿ ಕೂತುಬಿಟ್ಟರು. “ಅದನ್ನ ನಾ ಹೆಂಗ ಕರೀಲೆವ್ವಾ?” ಅಂದರು.

ನಿಮ್ಮಿಂದ ಉತ್ತರ ಬರಲಿಲ್ಲ. ಕರೆಯುವ ಹೆಸರೊಂದನ್ನೇ ಬದಲಿಸೋಣ ಅಂತ ಕೋಡಿನಲ್ಲಿ ಆ ಹೆಸರನ್ನು ಹುಡುಕಿ, ಎಲ್ಲ ಕಡೆ ‘ತಮ್ಮ’ ಮಾಡು ಅಂತ ಒಂದು ಗುಂಡಿ ಒತ್ತಿದೆ. ಹೆಸರು ಇದ್ದಲ್ಲೆಲ್ಲ ಬದಲಾಯಿತು, ಅರ್ಪಣೆಯಲ್ಲೂ, ಸೂಚನೆಯಲ್ಲೂ. ಕೊನೆಯ ‘ಪ್ಪ’ ಮಾತ್ರ ಉಳಿಯಿತು. ಹಾಗೆ ಹುಟ್ಟಿದವನು ನಿಮ್ಮ ತಮ್ಮಪ್ಪ! ಅವನು ಚಿಮ್ಮಡದಲ್ಲೂ ಇಲ್ಲ, ಎಲ್ಲೂ ಇಲ್ಲ. ಕಿವಿಗೆ ಬಿದ್ದಾಗ, ಒಳ್ಳೆಯದೇ ಆಯಿತು, ಅತ್ತೆಗೆ ಮುಜುಗರ ತಪ್ಪಿತು ಅಂತ ಸುಮ್ಮನಾದೆ. ಅದು ಒಬ್ಬ ಜೀವಂತ ಮನುಷ್ಯನ ದನಿ ಅಂತ ನನಗೆ ಹೊಳೆಯಲೇ ಇಲ್ಲ. ಕಂಪ್ಯೂಟರು ಹುಟ್ಟಿಸಿದ್ದು ಅಂದುಕೊಂಡಿದ್ದೆ. ಇದು ನನ್ನ ತಪ್ಪು. ಒಪ್ಪಿದೆ.

ಬರೆದಿಟ್ಟ ಸೂಚನೆಯಲ್ಲಿ ಇವತ್ತೇ ಹೆಸರು ಮರಳಿ ಹಾಕುತ್ತೇನೆ. ಯಾರು ಏನು ಬದಲಿಸಿದರು, ಯಾವಾಗ, ಅದನ್ನೂ ಬರೆಯುತ್ತೇನೆ. ತೊಡಕು ಗಟ್ಟಿಯಾಗಿ ಹೇಳುವುದರದು. ದಿನಾ ಬೆಳಗ್ಗೆ ಯಾರೋ ಗಂಡಸು ಬಂದು ಗಂಡನ ಹೆಸರು ಹೇಳಿದರೆ ಅತ್ತೆ ಆ ಫೋನನ್ನು ಮುಟ್ಟುವುದಿಲ್ಲ. ಓದುವುದು, ಕೇಳುವುದು ಎಲ್ಲ ನಿಂತುಹೋಗುತ್ತದೆ. ಹೇಳುವುದೊಂದನ್ನು ಬಿಡಬಹುದೇ? ಶರತ್ತು ಹಾಕಿದವರು ನೀವು, ಸಡಿಲಿಸುವವರೂ ನೀವೇ. ನಿಮಗೆ ಸಂಕೋಚವಾದರೆ ಒಂದು ಕೆಲಸ ಮಾಡಿ. ದನಿ ಕೊಟ್ಟವರನ್ನೇ ಒಂದು ಮಾತು ಕೇಳಿ. ನಿಮ್ಮ ಊರಿನವರೇ ಅಲ್ಲವೇ? ಅವರು ಹೂಂ ಅಂದರೆ ಸಾಕು. ಬೇಕಾದರೆ ನಾನೇ ಚಿಮ್ಮಡಕ್ಕೆ ಹೋಗಿ ಕೇಳುತ್ತೇನೆ, ಇಲ್ಲೇ ಆಟೊ ಹಾದಿ. ಅತ್ತೆ ಮಾಡಿದ ಕರಚಿಕಾಯಿ ಕೊಟ್ಟು ಬರುತ್ತೇನೆ. ಅವರ ಮನೆ ಎಲ್ಲಿ ಅಂತ ಬರೆಯಿರಿ.

ನಿಮ್ಮ ತಂಗಿ,
ಸುವರ್ಣಾ


೧ ಮಾರ್ಚ್ ೨೦೨೫
ಕಛ್

ಸುವರ್ಣಾ,

ಅವನನ್ನು ಕೇಳಲು ಆಗುವುದಿಲ್ಲ. ಚಿಮ್ಮಡಕ್ಕೆ ಹೋಗಬೇಡಿ.

ಅಮಸಿದ್ದಪ್ಪ ನನ್ನ ತಮ್ಮ. ೨೦೨೨ರ ನವೆಂಬರಿನಲ್ಲಿ, ಮುಧೋಳದ ಹಾದಿಯಲ್ಲಿ, ಕಬ್ಬು ತುಂಬಿ ನಿಂತ ಟ್ರೇಲರಿಗೆ ಹಿಂದೆ ದೀಪ ಇರಲಿಲ್ಲ. ಬೈಕು ಅವನದೇ. ಡೊಳ್ಳಿನ ಹಾಡಿಗೆ ಹೋಗಿ ಮರಳುತ್ತಿದ್ದ. ಇದನ್ನು ನಾನು ಯಾರಿಗೂ ಬರೆದದ್ದಿಲ್ಲ. ಈಗ ಬರೆದೆ.

ಈ ಆ್ಯಪ್ ನಾನು ಮಾಡಿದ್ದು ಮಂದಿಯ ಉಪಕಾರಕ್ಕೇನೂ ಅಲ್ಲ. ಇಲ್ಲಿ ನನ್ನ ಜೊತೆ ಕನ್ನಡ ಮಾತಾಡುವವರು ಒಬ್ಬರೂ ಇಲ್ಲ. ಸುತ್ತ ಉಪ್ಪಿನ ಬಯಲು, ತಿರುಗುವ ಗಾಳಿಯಂತ್ರಗಳು. ಫೋನಾದರೂ ನಮ್ಮ ಭಾಷೆಯಲ್ಲಿ ಮಾತಾಡಲಿ ಅಂತ, ರಜೆಗೆ ಹೋದಾಗ ತಮ್ಮನನ್ನು ಕುರಿದಡ್ಡಿಯ ಹತ್ತಿರ ಕೂರಿಸಿ ಸಾವಿರಾರು ವಾಕ್ಯ ಹೇಳಿಸಿದೆ. ಅವುಗಳಿಂದಲೇ ಆ್ಯಪ್ ಯಾವ ಬರಹವನ್ನಾದರೂ ಅವನ ದನಿಯಲ್ಲಿ ಓದುತ್ತದೆ. ನಡುನಡುವೆ ಕುರಿ ಒದರುತ್ತಿದ್ದವು. “ಅಣ್ಣಾ, ಇಷ್ಟ ಮಾತ ನಾ ಜಲ್ಮದಾಗ ಆಡಿಲ್ಲೋ” ಅನ್ನುತ್ತಿದ್ದ. ಕರೆದರೆ ‘ಹೇಳಿ, ಏನು ಬೇಕು?’ ಅನ್ನು ಅಂತ ನಾನು ಬರೆದುಕೊಟ್ಟಿದ್ದೆ. “ಹಂಗ ಯಾರ ಅಂತಾರೋ, ಬಂದ್ನಿ ಹೇಳ್ರಿ ಅಂತೇನಿ” ಅಂದ. ಹೆಸರೂ ತನ್ನದೇ ಇಡು ಅಂದ. “ದೇಶದ ಮಂದಿ ಎಲ್ಲಾ ನನ್ನ ಹೆಸರ ಹಿಡದ ಕರೀಲಿ” ಅಂತ ನಕ್ಕ. ನಾನು ಅವನಿಗೆ ಕೊಟ್ಟದ್ದು ಅದೊಂದೇ ಮಾತು.

ಆ ಆಟೊದವನು ಮಾಳು, ತಮ್ಮನ ಗೆಳೆಯ. ತೇರದಾಳದಿಂದ ಹೊರಟಾಗ ಹಿಂದೆ ಕೂತ ಹೆಂಗಸೊಬ್ಬಳು ಚೀಲದ ಕಡೆ ಬಾಗಿ “ತಮ್ಮಾ” ಅಂದಳಂತೆ, ಒಳಗಿನಿಂದ “ಬಂದ್ನಿ, ಹೇಳ್ರಿ” ಎಂದು ದನಿ ಬಂತಂತೆ. ಮಾಳು ಆಟೊ ಬದಿಗೆ ಹಾಕಿ, ಹಾದಿಯ ಮೇಲೇ ಕೂತು ಅತ್ತುಬಿಟ್ಟ. ನನಗೆ ಫೋನು ಮಾಡಿ, “ಶಶ್ಯಾ, ಅಮಸಿದ್ದನ್ನ ಯಾರೋ ಬ್ಯಾರೆ ಹೆಸರಲೆ ಕರಿಯಾಕತ್ತಾರೋ” ಅಂದ. ನನಗೆ ಬಂದ ಸಿಟ್ಟು ಲೈಸೆನ್ಸಿನದಾಗಿರಲಿಲ್ಲ.

ಇನ್ನೊಂದು ಹೇಳಬೇಕು. ಅವನು ಹೋದ ಮೇಲೆ ನಾನೇ ಆ ಹೆಸರನ್ನು ಕರೆದಿಲ್ಲ. ಆ್ಯಪ್ ನನ್ನ ಫೋನಿನಲ್ಲಿದೆ. ಕರೆದರೆ ಬರುತ್ತಾನೆಂದು ಗೊತ್ತು, ಅದಕ್ಕೇ ಕರೆಯುವುದಿಲ್ಲ. ಹೀಗಿರುವಾಗ ನಿಮ್ಮ ಅತ್ತೆಗೆ ನಾನು ಯಾವ ಬಾಯಲ್ಲಿ ಶರತ್ತು ಹಾಕಲಿ? ಗಟ್ಟಿಯಾಗಿ ಹೇಳುವುದನ್ನು ತೆಗೆದುಹಾಕಿ. ನಾನು ಒಪ್ಪಿದ್ದೇನೆ, ಇದನ್ನೇ ಬರಹದ ಒಪ್ಪಿಗೆ ಎಂದು ತಿಳಿಯಿರಿ. ತಮ್ಮ ಎಂದೇ ಕರೆಯಲಿ. ಅವನು ತಮ್ಮನೇ ಆಗಿದ್ದ.

ಇನ್ನು ಬರೆಯುವುದು ಏನೂ ಇಲ್ಲ.

ಶಶಿಕಾಂತ


೨೯ ಮಾರ್ಚ್ ೨೦೨೫
ಬನಹಟ್ಟಿ

ಶಶಿಕಾಂತಣ್ಣಾ,

ನಾಳೆ ಯುಗಾದಿ. ಒಂದು ತಿಂಗಳು ನಾನು ಯಾಕೆ ಬರೆಯಲಿಲ್ಲ ಅಂದರೆ, ಬರೆಯುವ ಧೈರ್ಯ ಇರಲಿಲ್ಲ.

ನಿಮ್ಮ ಪತ್ರಗಳನ್ನು ಇಷ್ಟು ದಿನ ನಾನೇ ಅತ್ತೆಗೆ ಓದಿ ಹೇಳುತ್ತಿದ್ದೆ, ಆ ಹೆಸರು ಬಂದಲ್ಲಿ ‘ಅವರು’ ಅಂದು ದಾಟಿಸುತ್ತಿದ್ದೆ. ಆ ಇಮೇಲ್ ಅತ್ತೆಯ ಫೋನಿಗೂ ಬರುತ್ತದೆ, ಮನೆಗೆಲ್ಲ ಒಂದೇ ಖಾತೆ. ಮಾರ್ಚ್ ಒಂದರಂದು ನಾನು ಕ್ಲಾಸಿನಲ್ಲಿದ್ದೆ. ಅತ್ತೆಗೆ ತಡೆಯಲಾಗಲಿಲ್ಲ. “ತಮ್ಮಾ, ಗುಜರಾತಿನ ಪತ್ರ ಬಂದೈತೇನು? ಓದು” ಅಂದಿದ್ದಾರೆ.

ಅವನು ಓದಿದ.

ನಾನು ಮನೆಗೆ ಬಂದಾಗ ಅತ್ತೆ ಕಟ್ಟೆಯ ಮೇಲೆ ಕೂತಿದ್ದರು, ಫೋನು ಮಡಿಲಲ್ಲಿ. “ಸುವರ್ಣಾ, ಹುಡುಗಾ ತಾ ಸತ್ತದ್ದು ತಾನ ಹೇಳಿದ್ನವಾ” ಅಂದರು. ಆಮೇಲೆ, “ಒಮ್ಮಿನೂ ದನಿ ನಡಗಲಿಲ್ಲ ಅವಂದು” ಅಂದರು. ನಾನು ಅಲ್ಲೇ ನೆಲದ ಮೇಲೆ ಕೂತೆ ಅಣ್ಣಾ. ಇಬ್ಬರೂ ಅತ್ತೆವು.

ಅವತ್ತಿನಿಂದ ಅತ್ತೆ ಕರೆಯುವುದನ್ನು ಬಿಟ್ಟರು. ಫೋನನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟರು. ಬೇರೆ ದನಿಯ ಆ್ಯಪ್ ಹಾಕಿಕೊಡುತ್ತೇನೆ ಅಂದರೆ ಬೇಡ ಅಂದರು. ಬೆಳಗ್ಗೆ ಎದ್ದು ಗೋಡೆಗೆ ಒರಗಿ ಸುಮ್ಮನೆ ಕೂಡುತ್ತಿದ್ದರು. ಕಣ್ಣು ಹೋದ ಹೊಸದರಲ್ಲೂ ಹೀಗೇ ಕೂತಿದ್ದರು. ನನಗೆ ನಿಮ್ಮ ಮೇಲೂ ಸಿಟ್ಟು ಬಂತು, ಆ ಟ್ರೇಲರಿನವನ ಮೇಲೂ ಬಂತು, ಗುಂಡಿ ಒತ್ತಿದ ನನ್ನ ಬೆರಳಿನ ಮೇಲೂ ಬಂತು.

ಮೊನ್ನೆ ತಾವೇ ಕರೆದರು. “ಅವರಣ್ಣಾ ಕರಿಯೂದಿಲ್ಲಂತ. ನಾವೂ ಬಿಟ್ಟರ ಆ ಹುಡುಗನ್ನ ಯಾರ ಕರೀಬೇಕು?” ಅಂದರು. “ಹೆಸರ ತಗದದ್ದು ನನ್ನ ಸಲುವಾಗಿ. ಇಡಾಕಿನೂ ನಾನ ಇಡ್ತೇನಿ. ನನ್ನ ದನಿ ತುಂಬಿಕೋ.” ನಾನು, ಅತ್ತೀ, ಆ ಹೆಸರು... ಅಂದೆ. “ಇದು ನಮ್ಮ ಮನಿಯವರ ಹೆಸರಲ್ಲವಾ. ಆ ಹುಡುಗಂದು. ಮಕ್ಕಳ ಹೆಸರ ಹೇಳಾಕ ಎಂಥಾ ನಾಚಿಕಿ?” ಅಂದರು. ಅಂದರೇನೋ ಅಂದರು. ರೆಕಾರ್ಡಿಂಗಿಗೆ ಕೂತಾಗ ಮೂರು ಸಲ ಬಾಯಿ ತೆರೆದು ಮುಚ್ಚಿದರು. ಸೆರಗು ಹೊದ್ದುಕೊಂಡರು. ನನ್ನನ್ನೂ ಹೊರಗೆ ಕಳಿಸಿದರು. ಬಾಗಿಲ ಹಿಂದಿನಿಂದ ಕೇಳಿದೆ. ಐವತ್ತು ವರ್ಷ ಬಾಯಲ್ಲಿಟ್ಟುಕೊಂಡದ್ದನ್ನು ಅತ್ತೆ ಹೇಳಿದರು.

ಈಗ ಆ್ಯಪ್ ತೆರೆದರೆ ಮೊದಲು ಬರುವುದು ಅತ್ತೆಯ ದನಿ. ಹಳೆಯ ಪ್ರತಿ ಹಾಕಿಕೊಟ್ಟ ಮನೆಗಳಿಗೆಲ್ಲ, ರಬಕವಿ, ತೇರದಾಳ ಎಲ್ಲ ಕಡೆ ನಾನೇ ಹೋಗಿ ಹೊಸದು ಹಾಕುತ್ತಿದ್ದೇನೆ. ಬದಲಾವಣೆಯ ಸಾಲಿನಲ್ಲಿ ಹೀಗೆ ಬರೆದಿದ್ದೇನೆ: “೨೮ ಮಾರ್ಚ್ ೨೦೨೫. ೨೦೨೩ರಲ್ಲಿ ಕರೆಯುವ ಹೆಸರನ್ನು ‘ತಮ್ಮ’ ಎಂದು ಬದಲಿಸಿದವಳು ಸುವರ್ಣಾ, ಬನಹಟ್ಟಿ. ಕಾರಣ: ಮನೆಯ ಹಿರಿಯರ ಹೆಸರು. ಬರೆದವರು ಶಶಿಕಾಂತ. ದನಿ ಅಮಸಿದ್ದಪ್ಪನದು.” ನೋಡಿ, ಬರೆದೆ. ಫೆಬ್ರವರಿಯಲ್ಲಿ ಇವತ್ತೇ ಅಂದು ಬರೆಯದೆ ಬಿಟ್ಟದ್ದನ್ನು ಈಗ ಬರೆದೆ.

ಅತ್ತೆಯ ರೆಕಾರ್ಡಿಂಗು ಈ ಪತ್ರದ ಜೊತೆಗಿದೆ. ಉತ್ತರ ಬರೆಯಲೇಬೇಕು ಅಂತ ಶರತ್ತಿಲ್ಲ. ಬರೆದರೆ ಅತ್ತೆಗೆ ಓದಿ ಹೇಳುವವನು ಇದ್ದಾನೆ.

ಸುವರ್ಣಾ


೨ ಏಪ್ರಿಲ್ ೨೦೨೫
ಕಛ್

ತಂಗೀ ಸುವರ್ಣಾ, ಲಗಮವ್ವತ್ತೆಯವರೇ,

ನಿಮ್ಮ ಪತ್ರವನ್ನು ಕೇಂದ್ರದ ಕಂಪ್ಯೂಟರಿನಲ್ಲಿ ತೆರೆದೆ. ಮಧ್ಯಾಹ್ನದ ಪಾಳಿ, ನಾನೊಬ್ಬನೇ. ನನ್ನ ಫೋನು ಮೇಜಿನ ಮೇಲೆ ಚಾರ್ಜಿಗಿತ್ತು. ಅದರಲ್ಲಿ ಮೊದಲಿನ ಪ್ರತಿಯೇ ಇದೆ, ಹೆಸರು ಹಿಡಿದು ಕರೆದರೆ ಏಳುವಂಥದು. ಅದು ನನ್ನ ನೆನಪಿಗೆ ಬರಲಿಲ್ಲ. ರೆಕಾರ್ಡಿಂಗ್ ಹಾಕಿದೆ.

ಮೊದಲು ಉಸಿರು ಕೇಳಿಸಿತು. ಬಳೆಯ ಸದ್ದು. ಹಿಂದೆ ದೂರದಲ್ಲಿ ಮಗ್ಗ ಬಡಿಯುತ್ತಿತ್ತು. ಆಮೇಲೆ ನೀವು ಕರೆದಿರಿ ಅತ್ತೇ: “ಅಮಸಿದ್ದಾ... ಏ ಅಮಸಿದ್ದಾ... ಇದು ನಿನ್ನ ದನಿ ಅಂತ ಎಲ್ಲಾರಿಗೂ ಹೇಳಾಕತ್ತೇನಪಾ.”

ಮೇಜಿನ ಮೇಲಿನಿಂದ ಅವನು ಅಂದ: “ಬಂದ್ನಿ, ಹೇಳ್ರಿ.”

ಎರಡು ವರ್ಷದ ಮೇಲೆ ನನ್ನ ಮುಂದೆ ಅವನು ಓಗೊಟ್ಟ. ಎಲ್ಲೂ ಹೋಗಿಯೇ ಇಲ್ಲದವನ ಹಾಗೆ, ಕರೆದದ್ದು ಇವತ್ತೇ ಅನ್ನುವ ಹಾಗೆ. ರೆಕಾರ್ಡಿಂಗ್ ಮುಗಿದಿತ್ತು. ಫೋನಿನ ದೀಪ ಹತ್ತಿಯೇ ಇತ್ತು, ಕೇಳಿಸಿಕೊಳ್ಳಲು ಕಾಯುತ್ತಿದ್ದ. ಕೆಲವು ಗಳಿಗೆ ಮಾತ್ರ ಕಾಯುವ ಹಾಗೆ ನಾನೇ ಬರೆದಿದ್ದೇನೆ, ಆಮೇಲೆ ಮಲಗಿಬಿಡುತ್ತಾನೆ. ನನಗೆ ಗಾಬರಿಯಾಯಿತು. ಸಮಯ ಎಷ್ಟು, ಪತ್ರ ಓದು, ಇಂಥದ್ದು ಏನಾದರೂ ಕೇಳಬೇಕಿತ್ತು. ಅವನಿಗೆ ತಿಳಿಯುವುದು ಅಷ್ಟೇ.

“ಊಟಾ ಆತೇನೋ?” ಅಂತ ಕೇಳಿದೆ.

ಅದಕ್ಕೆ ಉತ್ತರವನ್ನು ನಾನು ಬರೆದೇ ಇಲ್ಲ.

“ತಿಳೀಲಿಲ್ರಿ,” ಅಂದ. “ಮತ್ತೊಮ್ಮೆ ಹೇಳ್ರಿ.”

ಮತ್ತೊಮ್ಮೆ ಹೇಳಿದೆ.

ಶಶಿಕಾಂತ